ಇಬ್ಬರ ಪೇಚೆಕ್‌ನಲ್ಲೂ ಟ್ಯಾಕ್ಸ್ ಹಿಡಿದರು, ಆದರೂ ಬಾಕಿ ಯಾಕೆ ಬಂತು?

ಪ್ರಶ್ನೆ: ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ನನಗೆ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಸಂಬಳ. ಹೆಂಡತಿಗೆ ಎಚ್-4 ಇಎಡಿ (ವೀಸಾ ಮೇಲೆ ಬಂದ ಸಂಗಾತಿಗೆ ಕೊಡುವ ಕೆಲಸದ ಪರ್ಮಿಟ್) ಸಿಕ್ಕಿ, 2024ರ ಜನವರಿಯಿಂದ ಅವಳೂ 90 ಸಾವಿರದ ಕೆಲಸಕ್ಕೆ ಹೋಗುತ್ತಿದ್ದಾಳೆ. ಕಂಪನಿಯ ಫಾರ್ಮಿನಲ್ಲಿ ಇಬ್ಬರೂ ಮ್ಯಾರೀಡ್ ಅಂತ ಹಾಕಿ ಎರಡೆರಡು ಅಲೋವೆನ್ಸ್ (ಇದು ಹೆಚ್ಚಾದಷ್ಟೂ ಸಂಬಳದಲ್ಲಿ ಹಿಡಿಯುವ ಟ್ಯಾಕ್ಸ್ ಕಡಿಮೆ) ತೋರಿಸಿದ್ದೆವು. ಜಂಟಿ ರಿಟರ್ನ್ ಫೈಲ್ ಮಾಡಿದಾಗ ರಾಜ್ಯಕ್ಕೇ ಹತ್ತಿರ ಹತ್ತಿರ 6,000 ಡಾಲರ್ ಬಾಕಿ ಬಂತು. ಪೇರೋಲ್‌ನವರು ತಪ್ಪು ಮಾಡಿದರಾ? ಪೆನಾಲ್ಟಿ ಬೀಳುತ್ತಾ?

ಉತ್ತರ: ಪೇರೋಲ್‌ನವರದ್ದು ತಪ್ಪಿಲ್ಲ. ನೀವು ಫಾರ್ಮಿನಲ್ಲಿ ಹೇಳಿದ್ದನ್ನೇ ಅವರು ಮಾಡಿದ್ದಾರೆ. ನಿಮ್ಮ ಕಂಪನಿಗೆ ನಿಮ್ಮ ಸಂಬಳ ಮಾತ್ರ ಗೊತ್ತು, ನಿಮ್ಮ ಹೆಂಡತಿಯ ಕಂಪನಿಗೆ ಅವರದ್ದು ಮಾತ್ರ. ಎರಡೂ ಸೇರಿ ಎಷ್ಟಾಗುತ್ತದೆ ಅನ್ನುವುದು ನೀವು ತಿಳಿಸದೆ ಅವರಿಗೆ ಗೊತ್ತಾಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದನ್ನು ತಿಳಿಸುವ ಫಾರ್ಮ್ ಡಿಇ 4. ಫೆಡರಲ್ (ಕೇಂದ್ರ ಸರ್ಕಾರದ) ಟ್ಯಾಕ್ಸಿನ ಡಬ್ಲ್ಯು-4 ಫಾರ್ಮಿನಲ್ಲಿ 2020ರಿಂದ ಅಲೋವೆನ್ಸ್ ಲೆಕ್ಕ ಹೋಯಿತು, ಡಿಇ 4ರಲ್ಲಿ ಈಗಲೂ ಇದೆ. ಎರಡೂ ಬೇರೆ ಬೇರೆ ಫಾರ್ಮು. ಒಂದನ್ನು ಸರಿ ಮಾಡಿದರೆ ಇನ್ನೊಂದು ಸರಿಯಾಗುವುದಿಲ್ಲ. ಡಿಇ 4ರಲ್ಲಿ ಮೂರು ಆಯ್ಕೆಗಳಿವೆ. ಮೊದಲನೆಯದು 'ಸಿಂಗಲ್ ಅಥವಾ ಎರಡು ಆದಾಯವಿರುವ ಮ್ಯಾರೀಡ್', ಎರಡನೆಯದು 'ಒಂದೇ ಆದಾಯದ ಮ್ಯಾರೀಡ್', ಮೂರನೆಯದು 'ಹೆಡ್ ಆಫ್ ಹೌಸ್‌ಹೋಲ್ಡ್'. ನೀವಿಬ್ಬರೂ ಟಿಕ್ ಮಾಡಿದ್ದು ಎರಡನೆಯದಕ್ಕೆ. ಮದುವೆಯಾಗಿದೆ ಅಂದಮೇಲೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಅಲ್ವಾ? ಆದರೆ ಮನೆಯಲ್ಲಿ ಇನ್ನೊಂದು ಸಂಬಳ ಇಲ್ಲ ಅನ್ನುವುದು ಅದರ ಅರ್ಥ.

ಹಾಗೆ ಬರೆದರೆ ಏನಾಗುತ್ತದೆ ನೋಡಿ. 2024ರಲ್ಲಿ ಗಂಡ-ಹೆಂಡತಿ ಇಬ್ಬರಿಗೂ ಸೇರಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಟ್ಯಾಕ್ಸ್ ಇಲ್ಲದೆ ಬಿಡುವ ಆದಾಯ) ಇದ್ದದ್ದು 11,080 ಡಾಲರ್. ನಿಮ್ಮ ಕಂಪನಿಯೂ ಅದನ್ನು ಪೂರ್ತಿ ಕೊಟ್ಟಿತು, ಅವರ ಕಂಪನಿಯೂ ಪೂರ್ತಿ ಕೊಟ್ಟಿತು. 1, 2, 4 ಪರ್ಸೆಂಟಿನ ಕೆಳಗಿನ ಸ್ಲ್ಯಾಬುಗಳೂ ಹಾಗೇ ಎರಡೆರಡು ಸಲ ಸಿಕ್ಕವು. ರಿಟರ್ನ್‌ನಲ್ಲಿ ಮಾತ್ರ ಎಲ್ಲವೂ ಒಂದೇ ಸಲ. ಅಲ್ಲಿ ನಿಮ್ಮ ಸಂಬಳದ ಮೇಲೆ ಅವರ ಸಂಬಳ ಕೂರುತ್ತದೆ, ಅದರ ಬಹುಪಾಲು 9.3 ಪರ್ಸೆಂಟ್ ಸ್ಲ್ಯಾಬಿಗೆ ಬೀಳುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ ನಿಮ್ಮಿಬ್ಬರ ರಾಜ್ಯ ಟ್ಯಾಕ್ಸ್ 14,000 ಡಾಲರ್, ಹಿಡಿದದ್ದು 8,000 ಚಿಲ್ಲರೆ. ನಿಮ್ಮ ಬಾಕಿ ಬಂದದ್ದು ಇಲ್ಲಿಂದಲೇ.

ಇಬ್ಬರೂ ಹೊಸ ಡಿಇ 4 ತುಂಬಿ, ಮೊದಲನೇ ಆಯ್ಕೆಗೆ ಟಿಕ್ ಮಾಡಿ. ಅಲೋವೆನ್ಸ್ ಇಬ್ಬರದೂ ಸೊನ್ನೆ ಇರಲಿ. ನಿಮ್ಮ ಅಂಕಿಗಳಿಗೆ ಆಗ ಸುಮಾರು 15,800 ಹಿಡಿಯುತ್ತಾರೆ, ಸ್ವಲ್ಪ ರೀಫಂಡ್ ಬರುತ್ತದೆ. ಅಷ್ಟೂ ಬೇಡ ಅನ್ನಿಸಿದರೆ ಅಲೋವೆನ್ಸ್ ಒಂದೊಂದಾಗಿ ಸೇರಿಸಿ. ಒಂದು ಅಲೋವೆನ್ಸ್‌ಗೆ ವರ್ಷಕ್ಕೆ 150 ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಕಡಿತ ಇಳಿಯುತ್ತದೆ, ಅಷ್ಟೇ. ಆಟ ಇರುವುದು ಟಿಕ್ ಮಾಡುವ ಆ ಚೌಕದಲ್ಲಿ. ಫಾರ್ಮನ್ನು ಎಚ್‌ಆರ್‌ಗೆ ಕೊಡಿ ಅಥವಾ ಕಂಪನಿ ಪೋರ್ಟಲ್‌ನಲ್ಲಿ ಬದಲಿಸಿ. ಮುಂದಿನ ಪೇಸ್ಟಬ್‌ಗಳಲ್ಲಿ ಕ್ಯಾಲಿಫೋರ್ನಿಯಾ ಸಾಲಿನ ಮೊತ್ತ ಏರಿದೆಯೇ ಅಂತ ಕಣ್ಣಾರೆ ನೋಡಿಕೊಳ್ಳಿ.

ಹೊಸ ಫಾರ್ಮು ಮುಂದಿನ ತಿಂಗಳುಗಳನ್ನು ಮಾತ್ರ ಸರಿ ಮಾಡುತ್ತದೆ. ಜುಲೈನಲ್ಲಿ ಬದಲಿಸಿದಿರಿ ಅನ್ನಿ, ಅಷ್ಟರಲ್ಲಿ ಅರ್ಧ ವರ್ಷದ ಕೊರತೆ 3,000 ಡಾಲರ್ ಆಗಿರುತ್ತದೆ. ಎರಡು ವಾರಕ್ಕೊಮ್ಮೆ ಸಂಬಳ ಬಂದರೆ ಉಳಿದದ್ದು 13 ಪೇಚೆಕ್. ಒಂದಕ್ಕೆ 230 ಡಾಲರ್‌ನಂತೆ ಹೆಚ್ಚುವರಿ ಹಿಡಿಯಿರಿ ಅಂತ ಅದೇ ಫಾರ್ಮಿನ 2ನೇ ಸಾಲಿನಲ್ಲಿ ಬರೆಯಿರಿ. ಇದನ್ನು ಕೈಯಿಂದ ಕಟ್ಟುವುದಕ್ಕಿಂತ ಸಂಬಳದಲ್ಲೇ ಹಿಡಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸಂಬಳದಲ್ಲಿ ಹಿಡಿದದ್ದನ್ನು ಸಾಮಾನ್ಯವಾಗಿ ವರ್ಷವಿಡೀ ಸಮವಾಗಿ ಕಟ್ಟಿದಂತೆ ಲೆಕ್ಕ ಹಿಡಿಯುತ್ತಾರೆ, ತಡವಾಯಿತು ಅನ್ನುವುದಿಲ್ಲ.

ಇನ್ನು ಪೆನಾಲ್ಟಿ. 2024ಕ್ಕೆ ನೀವು ಹೆದರಬೇಕಾಗಿಲ್ಲ. ಹಿಂದಿನ ವರ್ಷದ ಟ್ಯಾಕ್ಸಿನಷ್ಟು ಹಿಡಿದಿದ್ದರೆ ಸಾಕು, ಹಿಂದಿನ ವರ್ಷದ ಎಜಿಐ (ಡಿಡಕ್ಷನ್ ಕಳೆಯುವ ಮೊದಲಿನ ಆದಾಯ) ಒಂದೂವರೆ ಲಕ್ಷ ಮೀರಿದ್ದರೆ ಆ ಟ್ಯಾಕ್ಸಿನ 110 ಪರ್ಸೆಂಟ್. 2023ರಲ್ಲಿ ಒಬ್ಬರದೇ ಸಂಬಳ ಇತ್ತು, ಆಗಿನ ಟ್ಯಾಕ್ಸ್ 6,000ದ ಒಳಗೇ. 2024ರಲ್ಲಿ ಹಿಡಿದ 8,000 ಅದನ್ನು ದಾಟಿದೆ. ಮರುವರ್ಷಕ್ಕೆ ಈ ರಕ್ಷಣೆ ಇಲ್ಲ. ಆಗ 14,000ದ 110 ಪರ್ಸೆಂಟ್ ಅಥವಾ ಆ ವರ್ಷದ ಟ್ಯಾಕ್ಸಿನ 90 ಪರ್ಸೆಂಟ್, ಎರಡರಲ್ಲಿ ಒಂದಾದರೂ ತುಂಬಿರಬೇಕು. ಅದಕ್ಕೇ ಈಗಲೇ ಬದಲಿಸಿ ಅನ್ನುತ್ತಿದ್ದೇನೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕಾದ ಮಾತು ಒಂದಿದೆ. ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಎಫ್‌ಡಿ (ವಿದೇಶದ ಗಳಿಕೆ ಇಡುವ ಠೇವಣಿ) ಇದೆಯಾ? ಅದರ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ ಅಂತ ನಮ್ಮ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಕ್ಯಾಲಿಫೋರ್ನಿಯಾ ಅದನ್ನೂ ಆದಾಯಕ್ಕೆ ಸೇರಿಸುತ್ತದೆ. ಎನ್‌ಆರ್‌ಒ ಖಾತೆಯಲ್ಲಿ (ಭಾರತದ ಗಳಿಕೆ ಇಡುವ ಖಾತೆ) ಬ್ಯಾಂಕು ಟಿಡಿಎಸ್ ಹಿಡಿದಿದ್ದರೆ ಅಷ್ಟನ್ನು ಫೆಡರಲ್ ಟ್ಯಾಕ್ಸಿನಲ್ಲಿ ಕಳೆಯಲು ಕ್ರೆಡಿಟ್ ಕೇಳಬಹುದು, ಕ್ಯಾಲಿಫೋರ್ನಿಯಾ ಆ ಕ್ರೆಡಿಟ್ ಕೊಡುವುದಿಲ್ಲ. 5,000 ಡಾಲರ್ ಬಡ್ಡಿ ಬಂದರೆ ನಿಮ್ಮ ಸ್ಲ್ಯಾಬಿನಲ್ಲಿ ರಾಜ್ಯಕ್ಕೆ 465 ಡಾಲರ್. ಇದನ್ನೂ 2ನೇ ಸಾಲಿನ ಮೊತ್ತಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ಮನೆ ನ್ಯೂಜೆರ್ಸಿಯ ಚೆರ್ರಿ ಹಿಲ್‌ನಲ್ಲಿ, ಹೊಸ ಕೆಲಸ ಫಿಲಡೆಲ್ಫಿಯಾದಲ್ಲಿ. ಪೇಸ್ಟಬ್‌ನಲ್ಲಿ ಪೆನ್ಸಿಲ್ವೇನಿಯಾ ಟ್ಯಾಕ್ಸ್ ಕಟ್ ಆಗುತ್ತಿದೆ. ಎರಡೂ ರಾಜ್ಯಕ್ಕೆ ಕಟ್ಟಬೇಕಾ?

ಉತ್ತರ: ಬೇಡ. ಈ ಎರಡು ರಾಜ್ಯಗಳ ನಡುವೆ ಒಪ್ಪಂದ ಇದೆ, ಸಂಬಳದ ಟ್ಯಾಕ್ಸ್ ನೀವು ವಾಸಿಸುವ ರಾಜ್ಯಕ್ಕೆ ಮಾತ್ರ. ಆರ್‌ಇವಿ-419 ಫಾರ್ಮ್ ತುಂಬಿ ಕಂಪನಿಗೆ ಕೊಟ್ಟರೆ ಪೆನ್ಸಿಲ್ವೇನಿಯಾದ 3.07 ಪರ್ಸೆಂಟ್ ನಿಲ್ಲುತ್ತದೆ. ಈಗಾಗಲೇ ಹಿಡಿದದ್ದನ್ನು ಅಲ್ಲಿ ಪಿಎ-40 ರಿಟರ್ನ್ ಹಾಕಿ ವಾಪಸ್ ಪಡೆಯಿರಿ. ಆದರೆ ಫಿಲಡೆಲ್ಫಿಯಾ ನಗರದ ವೇಜ್ ಟ್ಯಾಕ್ಸ್ (ಸಂಬಳದ ಮೇಲೆ ನಗರವೇ ಹಾಕುವ ಟ್ಯಾಕ್ಸ್) ಈ ಒಪ್ಪಂದಕ್ಕೆ ಸೇರಿಲ್ಲ, ಅದು ಕಟ್ ಆಗುತ್ತಲೇ ಇರುತ್ತದೆ. ಅದಕ್ಕೆ ನ್ಯೂಜೆರ್ಸಿ ರಿಟರ್ನ್‌ನಲ್ಲಿ ಕ್ರೆಡಿಟ್ ಕೇಳಬಹುದು. ಪೆನ್ಸಿಲ್ವೇನಿಯಾ ನಿಲ್ಲಿಸಿದ ಮೇಲೆ ನ್ಯೂಜೆರ್ಸಿ ಟ್ಯಾಕ್ಸ್ ಹಿಡಿಯಲು ಶುರು ಮಾಡಿದ್ದಾರಾ ಅಂತ ಎಚ್‌ಆರ್ ಹತ್ತಿರ ಕೇಳಿ. ಹಿಡಿಯುವುದಿಲ್ಲ ಅಂದರೆ, ಮತ್ತು ವರ್ಷಕ್ಕೆ ಬಾಕಿ 400 ಡಾಲರ್ ಮೀರುವ ಹಾಗಿದ್ದರೆ, ಮೂರು ತಿಂಗಳಿಗೊಮ್ಮೆ ನ್ಯೂಜೆರ್ಸಿಗೆ ನೀವೇ ಎಸ್ಟಿಮೇಟೆಡ್ ಟ್ಯಾಕ್ಸ್ (ಅಂದಾಜಿನ ಮೇಲೆ ಮುಂಗಡ ಟ್ಯಾಕ್ಸ್) ಕಟ್ಟಬೇಕು.