ಎದೆ ಸೆಟೆಸಿದರೆ ಭುಜ ನೆಟ್ಟಗಾಗದು

ಪ್ರಶ್ನೆ: ನನಗೆ 34 ವರ್ಷ. ಹೊಲಿಗೆ ನನ್ನ ವೃತ್ತಿ. ದಿನವಿಡೀ ಯಂತ್ರದ ಮೇಲೆ ಬಾಗಿರುವುದರಿಂದ ಭುಜಗಳು ಮುಂದಕ್ಕೆ ಬಿದ್ದಿವೆ. ‘ನೆಟ್ಟಗೆ ನಿಲ್ಲು’ ಎಂದು ಮನೆಯವರು ಗದರುತ್ತಲೇ ಇರುತ್ತಾರೆ. ಎದೆಯ ಸ್ನಾಯು ಬಿಗಿದಿರಬೇಕೆಂದು, ಬಾಗಿಲ ಚೌಕಟ್ಟಿಗೆ ಎರಡೂ ಕೈ ಆನಿಸಿ ಮುಂದಕ್ಕೆ ವಾಲುವ ವ್ಯಾಯಾಮ ಮಾಡುತ್ತಿದ್ದೇನೆ. ಎದೆಗಿಂತ ಭುಜದ ಮುಂಭಾಗದಲ್ಲೇ ಚುಚ್ಚುತ್ತದೆ. ಮುಂದುವರಿಸಬಹುದೇ?

ಉತ್ತರ: ಈಗ ಮಾಡುತ್ತಿರುವ ರೀತಿಯಲ್ಲಿ ಬೇಡ. ಹಿಗ್ಗಬೇಕಾದದ್ದು ಎದೆಯ ಮಾಂಸಖಂಡ. ಭುಜದ ಮುಂಭಾಗದಲ್ಲಿ ಚುಚ್ಚುತ್ತಿದೆ ಎಂದರೆ ಎಳೆತವೆಲ್ಲ ಕೀಲಿನ ಮೇಲೆ ಬೀಳುತ್ತಿದೆ. ಫಿಜಿಯೋಥೆರಪಿ ಕೋಣೆಯಲ್ಲಿ ನಾನು ಹೆಚ್ಚಾಗಿ ತಿದ್ದುವುದು ಇದನ್ನೇ: ಉತ್ಸಾಹದಲ್ಲಿ ಇಡೀ ಮೈಭಾರವನ್ನು ಚೌಕಟ್ಟಿನ ಮೇಲೆ ಹಾಕಿಬಿಡುತ್ತಾರೆ.

ಒಮ್ಮೆಗೆ ಒಂದೇ ಕೈ ಸಾಕು. ಮೊಣಕೈ ಮಡಿಸಿ, ಭುಜದ ಮಟ್ಟಕ್ಕಿಂತ ತುಸು ಕೆಳಗೆ ಮುಂಗೈಯನ್ನು ಚೌಕಟ್ಟಿಗೆ ಆನಿಸಿ. ಭುಜ ಕಿವಿಯತ್ತ ಏರದಿರಲಿ. ಅದೇ ಬದಿಯ ಕಾಲನ್ನು ಅರ್ಧ ಹೆಜ್ಜೆ ಮುಂದಿಟ್ಟು, ಎದೆಯನ್ನು ಮೆಲ್ಲಗೆ ಇನ್ನೊಂದು ಬದಿಗೆ ತಿರುಗಿಸಿ. ಎದೆಯಲ್ಲಿ ಹದವಾದ ಎಳೆತ ಕಂಡ ಕೂಡಲೇ ಅಲ್ಲೇ ನಿಲ್ಲಿ. ಸಹಜವಾಗಿ ಉಸಿರಾಡುತ್ತ 30 ಸೆಕೆಂಡು ಹಿಡಿದು ಬಿಡಿ. ಪ್ರತಿ ಬದಿಗೂ ಎರಡು ಮೂರು ಸಲ. ಸೊಂಟವನ್ನು ಒಳಕ್ಕೆ ಬಾಗಿಸಿ ಎದೆ ಉಬ್ಬಿಸಬೇಡಿ. ಅದು ಫೋಟೋಕ್ಕೆ ಚೆನ್ನ, ಎದೆಯ ಸ್ನಾಯುವಿಗೆ ಪ್ರಯೋಜನವಿಲ್ಲ. ಇಷ್ಟು ಹಗುರವಾಗಿ ಮಾಡಿದರೂ ಚುಚ್ಚಿದರೆ ನಿಲ್ಲಿಸಿ, ಭುಜವನ್ನು ತೋರಿಸಿಕೊಳ್ಳಿ.

ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಪೆಕ್ಟೊರಾಲಿಸ್ ಮೈನರ್ ಎಂಬ ಚಿಕ್ಕದೊಂದಿದೆ. ಮೂರರಿಂದ ಐದನೆಯ ಪಕ್ಕೆಲುಬುಗಳಿಂದ ಹೊರಟು ಹೆಗಲ ಮೂಳೆಯ ಮುಂದಿನ ಕೊಕ್ಕಿಗೆ ಅಂಟಿಕೊಳ್ಳುತ್ತದೆ. ಇದು ಬಿಗಿದಾಗ ಆ ಮೂಳೆಯೇ ಮುಂದಕ್ಕೆ ವಾಲುತ್ತದೆ. ಆದರೆ ಇದನ್ನು ಸಡಿಲಿಸಿದ ಮಾತ್ರಕ್ಕೆ ಭುಜ ಹಿಂದೆ ನಿಲ್ಲುವುದಿಲ್ಲ. ಹಿಡಿದು ನಿಲ್ಲಿಸಬೇಕಾದವು ಬೆನ್ನಿನ ಸ್ನಾಯುಗಳು. ಆದ್ದರಿಂದ ಎಳೆತದ ಬೆನ್ನಲ್ಲೇ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಭದ್ರವಾಗಿ ಕಟ್ಟಿ, ಮೊಣಕೈಗಳನ್ನು ಪಕ್ಕೆಯ ಬಳಿಯೇ ಹಿಂದಕ್ಕೆಳೆಯಿರಿ. ಹತ್ತು ಹನ್ನೆರಡು ಸಲ, ನಿಧಾನವಾಗಿ. ವಾರಕ್ಕೆ ಮೂರು ದಿನ ಮಾಡಿದರೆ ಸಾಕು. ಎರಡರಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ನಾನು ಇದನ್ನೇ ಮಾಡಿಸುತ್ತೇನೆ.

ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಳ್ಳಿ, ಹೊಲಿಗೆಯ ಮೇಲೆ ಬೆಳಕು ಚೆನ್ನಾಗಿ ಬೀಳಲಿ. ಎಷ್ಟೋ ಸಲ ಬಾಗಿಸುವುದು ಸೂಜಿ ಕಾಣದ ಮಬ್ಬು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಮನೆಯವರಿಗೂ ಒಂದು ಮಾತು: ಗದರಿದಾಗ ಸೆಟೆದ ಬೆನ್ನು ಎರಡೇ ನಿಮಿಷದಲ್ಲಿ ಮತ್ತೆ ಬಾಗುತ್ತದೆ. ಬಾಗಿದ ಭುಜವೆಲ್ಲ ರೋಗವೂ ಅಲ್ಲ. ನೋವಿಲ್ಲದೆ ಹಾಗೆಯೇ ಇರುವವರು ಬೇಕಾದಷ್ಟಿದ್ದಾರೆ.

ವ್ಯಾಯಾಮದ ವೇಳೆ ಬೆರಳುಗಳು ಜೋಮು ಹಿಡಿದರೆ ಕೈ ಇಳಿಸಿ. ಪದೇ ಪದೇ ಹಾಗಾದರೆ ವೈದ್ಯರಿಗೆ ತೋರಿಸಿ. ಎದೆ ಹಿಂಡಿದಂತಾಗಿ ಬೆವರೋ ಉಬ್ಬಸವೋ ಜೊತೆಗೂಡಿದರೆ ಅದನ್ನು ಸ್ನಾಯುವಿನ ಬಿಗಿತವೆಂದು ಭಾವಿಸಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.