ಒರಿಜಿನಲ್ ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ಹೊರಗಿನ ಆಕ್ಸಿಜನ್ ಸೆನ್ಸರ್ ಆಗುತ್ತಾ?

ಪ್ರಶ್ನೆ: ಸರ್, ನಂದು ಹದಿಮೂರು ವರ್ಷ ಹಳೇ ಪೆಟ್ರೋಲ್ ಕಾರು, ದಿನಾ ದೇವನಹಳ್ಳಿಗೆ ಓಡಾಟ. ಚೆಕ್ ಎಂಜಿನ್ ಲೈಟ್ ಬಂದು ಮೈಲೇಜ್ ಬಿದ್ದೋಗಿದೆ, ಎಕ್ಸಾಸ್ಟ್ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತಾರೆ. ಕಂಪನಿದು ದುಬಾರಿ, ಹೊರಗಡೆ ಸಿಗೋ ವೈಡ್‌ಬ್ಯಾಂಡ್ ಹಾಕ್ಬೋದಾ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ವೈಡ್‌ಬ್ಯಾಂಡ್, ಅಂದ್ರೆ ಗಾಳಿ-ಪೆಟ್ರೋಲ್ ಪ್ರಮಾಣ ಎಷ್ಟು ಅಂತ ಅಳತೆ ಮಾಡಿ ಹೇಳೋ ಸೆನ್ಸರ್, ಬೇಡ. ಇಷ್ಟು ಹಳೇ ಪೆಟ್ರೋಲ್ ಕಾರುಗಳ ಇಸಿಯು ಸಾಮಾನ್ಯವಾಗಿ ಕಮ್ಮಿ-ಜಾಸ್ತಿ ಅಷ್ಟೇ ಹೇಳೋ ನ್ಯಾರೋಬ್ಯಾಂಡ್ ಸೆನ್ಸರಿನ ಸಿಗ್ನಲ್ಲನ್ನೇ ಓದೋದು, 0.1 ವೋಲ್ಟ್ ಹತ್ರ ಇದ್ರೆ ಪೆಟ್ರೋಲ್ ಕಮ್ಮಿ, 0.9 ಹತ್ರ ಹೋದ್ರೆ ಜಾಸ್ತಿ ಅಂತ ಲೆಕ್ಕ, ಅದಕ್ಕೆ ವೈಡ್‌ಬ್ಯಾಂಡ್ ಕಂಟ್ರೋಲರಿನ 0ರಿಂದ 5 ವೋಲ್ಟ್ ಕೊಟ್ರೆ ತಪ್ಪು ಲೆಕ್ಕ ಹಾಕುತ್ತೆ. ನಿಮಗೆ ನಾಲ್ಕು ವೈರಿನ ಯೂನಿವರ್ಸಲ್ ನ್ಯಾರೋಬ್ಯಾಂಡ್ ಸಾಕು. ಆದ್ರೆ ವೈರ್ ಜೋಡಿಸೋದ್ರಲ್ಲೇ ಜಾಸ್ತಿ ಜನ ಎಡವೋದು: ಈ ತರದ ಜಿರ್ಕೋನಿಯಾ (ಒಂದು ಪಿಂಗಾಣಿ) ಸೆನ್ಸರಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ವೈರ್ ಸೆನ್ಸರನ್ನ ಬಿಸಿ ಮಾಡೋ ಹೀಟರ್‌ದು, ಕಪ್ಪು ಸಿಗ್ನಲ್, ಬೂದು ಗ್ರೌಂಡ್, ಹಳೇದನ್ನ ಕತ್ತರಿಸೋ ಮುಂಚೆ ಫೋಟೋ ತಗೊಳ್ಳಿ. ದಯವಿಟ್ಟು ಬೆಸುಗೆ ಹಾಕಿಸ್ಬೇಡಿ, ಎಷ್ಟೋ ಸೆನ್ಸರ್‌ಗಳು ಹೊರಗಿನ ಗಾಳಿನ ಆ ವೈರ್ ಒಳಗಿಂದಾನೇ ಎಳ್ಕೊಳ್ಳೋದು, ಬೆಸುಗೆ ಆ ದಾರಿ ಮುಚ್ಬಿಡ್ಬೋದು, ಒತ್ತಿ ಕೂರ್ಸೋ ಕ್ರಿಂಪ್ ಕನೆಕ್ಟರೇ ಹಾಕ್ಸಿ. ಹೀಟರ್ ರೆಸಿಸ್ಟೆನ್ಸ್ ಹಳೇದಕ್ಕೆ ಹತ್ರ ಇರ್ಬೇಕು, ಇಲ್ದಿದ್ರೆ ಲೈಟ್ ಮತ್ತೆ ಬರ್ಬೋದು.

ಅದಕ್ಕೂ ಮೊದ್ಲು ಎಂಜಿನ್ನಿಗೂ ಸೆನ್ಸರಿಗೂ ನಡುವೆ ಎಕ್ಸಾಸ್ಟ್ ಪೈಪ್ ಲೀಕ್ ಇದ್ಯಾ ನೋಡ್ಸಿ, ಗಾಳಿ ಒಳಗೆ ಬಂದ್ರೆ ಚೆನ್ನಾಗಿರೋ ಸೆನ್ಸರೂ ಪೆಟ್ರೋಲ್ ಕಮ್ಮಿ ಅಂತಾನೇ ತೋರ್ಸುತ್ತೆ.