ಸೋಲು ಖಚಿತವಿದ್ದರೂ ಅಮರಾಲ್ ಏಕೆ ಸ್ಪರ್ಧಿಸಿದರು?

ಆಗ್ನೇಯ ಏಷ್ಯಾದ ಪೂರ್ವ ತಿಮೋರ್‌ನಲ್ಲಿ 2002ರಲ್ಲಿ ನಡೆದ ಮೊದಲ ಅಧ್ಯಕ್ಷೀಯ ಚುನಾವಣೆಯಲ್ಲಿ ಸ್ವಾತಂತ್ರ್ಯ ಹೋರಾಟದ ನಾಯಕ ಶನಾನಾ ಗುಸ್ಮಾವೊ ಗೆಲ್ಲುವುದು ಎಲ್ಲರಿಗೂ ಗೊತ್ತಿದ್ದಾಗ, ಫ್ರಾನ್ಸಿಸ್ಕೊ ಶವಿಯರ್ ದೊ ಅಮರಾಲ್ ಗುಸ್ಮಾವೊ ಎದುರು ನಿಂತದ್ದು ಬರಿಯ ತೋರಿಕೆಯಲ್ಲವೇ ಎಂದು ಕೇಳಿದ್ದೀರಿ. ಆ ದೇಶದ ಚರಿತ್ರೆಯನ್ನು ಆಸಕ್ತಿಯಿಂದ ಓದುತ್ತ ಬಂದಿರುವ ನನಗೆ ಹಾಗೆ ಅನ್ನಿಸಿಲ್ಲ.

ತಾವು ಸೋಲುವುದು ಅಮರಾಲ್ ಅವರಿಗೂ ತಿಳಿದಿತ್ತು. ಮತದಾರರ ಮುಂದೆ ಆಯ್ಕೆಯೆಂಬುದು ಇರಬೇಕು, ಅದಕ್ಕಾಗಿ ನಿಂತಿದ್ದೇನೆ ಎಂದು ಅವರೇ ಹೇಳಿದ್ದರು. ಈ ಮಾತನ್ನು ಅವರ ಬದುಕಿನ ಜೊತೆಗಿಟ್ಟು ನೋಡಬೇಕು. 1975ರ ನವೆಂಬರ್ 28ರಂದು ಪೋರ್ಚುಗಲ್‌ನಿಂದ ಸ್ವಾತಂತ್ರ್ಯ ಘೋಷಿಸಿದಾಗ ಅಧ್ಯಕ್ಷರಾದವರು ಅವರೇ. ಒಂಬತ್ತೇ ದಿನಗಳಲ್ಲಿ ಇಂಡೋನೇಷ್ಯಾದ ಸೇನೆ ರಾಜಧಾನಿ ದಿಲಿಗೆ ನುಗ್ಗಿ ದೇಶವನ್ನು ಆಕ್ರಮಿಸಿತು. 1977ರಲ್ಲಿ ಸ್ವಂತ ಪಕ್ಷವಾದ ಫ್ರೆಟಿಲಿನ್‌ನ ಸಂಗಾತಿಗಳೇ ಅವರ ಮೇಲೆ ದ್ರೋಹದ ಆರೋಪ ಹೊರಿಸಿ ಸ್ಥಾನದಿಂದ ಇಳಿಸಿ ಬಂಧಿಸಿದರು, ಮರುವರ್ಷ ಅವರು ಇಂಡೋನೇಷ್ಯಾದ ಸೈನಿಕರ ಕೈಗೆ ಸಿಕ್ಕಿಬಿದ್ದರು. ಭಿನ್ನಮತಕ್ಕೆ ಇಂಥ ಬೆಲೆ ತೆತ್ತವರು ಪ್ರತಿಸ್ಪರ್ಧಿಯಾಗಿ ನಿಲ್ಲುವುದನ್ನು ನಾನು ಹಗುರವಾಗಿ ಕಾಣಲಾರೆ.

ಗುಸ್ಮಾವೊ ಅವರಿಗಂತೂ ಹುದ್ದೆಯ ಹಂಬಲವೇ ಇರಲಿಲ್ಲ. 1992ರಲ್ಲಿ ಇಂಡೋನೇಷ್ಯಾದ ಸೆರೆಯಾಗಿ 1999ರವರೆಗೆ ಬಂಧನದಲ್ಲಿದ್ದ ಅವರನ್ನು ಒಂಬತ್ತು ಪಕ್ಷಗಳು ಸೂಚಿಸಿದರೂ ಅವರು ಸ್ವತಂತ್ರ ಅಭ್ಯರ್ಥಿಯಾಗಿಯೇ ಉಳಿದರು.

ಮತದಾರರ ಕಡೆಯಿಂದಲೂ ಯೋಚಿಸಿ. 1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ಶೇಕಡಾ 78.5ರಷ್ಟು ಜನ ಇಂಡೋನೇಷ್ಯಾದಿಂದ ಬೇರೆಯಾಗುವುದನ್ನು ಆರಿಸಿದ್ದಕ್ಕೆ ಸೇನೆಯ ಬೆಂಬಲವಿದ್ದ ಸಶಸ್ತ್ರ ಗುಂಪುಗಳು ಮನೆಗಳನ್ನು ಸುಟ್ಟು, ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದಿದ್ದವು. ಅದೇ ಜನ 2002ರ ಏಪ್ರಿಲ್ 14ರ ಭಾನುವಾರ, ವಿಶ್ವಸಂಸ್ಥೆಯ ಆಡಳಿತದಡಿ ಎರಡೇ ಹೆಸರುಗಳಿದ್ದ ಮತಪತ್ರವನ್ನು ಕೈಗೆತ್ತಿಕೊಂಡರು. ಗುಸ್ಮಾವೊ ಅವರಿಗೆ ಶೇಕಡಾ 82.7, ಅಮರಾಲ್ ಅವರಿಗೆ 17.3ರಷ್ಟು ಮತ ಬಂದವು. ಅಂದರೆ ಆರು ಜನರಲ್ಲಿ ಒಬ್ಬರಾದರೂ ಮಹಾನಾಯಕನನ್ನು ಬಿಟ್ಟು ಮತ್ತೊಬ್ಬರನ್ನು ಆರಿಸಿದರು, ಅದಕ್ಕಾಗಿ ಯಾರ ಮನೆಯೂ ಉರಿಯಲಿಲ್ಲ. ನನ್ನ ಪಾಲಿಗೆ ಆ ಚುನಾವಣೆಯ ದೊಡ್ಡ ಅಂಕಿ ಈ 17.3.

ಸಂವಿಧಾನವು ಅಧ್ಯಕ್ಷರಿಗೆ ಮಿತವಾದ ಅಧಿಕಾರವನ್ನಷ್ಟೇ ಕೊಟ್ಟಿತ್ತು. ಸರ್ಕಾರ ನಡೆಸಿದವರು ಪ್ರಧಾನಿ ಮಾರಿ ಅಲ್ಕಾತಿರಿ. ದೇಶ ಸ್ವತಂತ್ರವಾದ ಮೇ 20ರ ನಡುರಾತ್ರಿ ದಿಲಿಯ ಹೊರವಲಯದ ತಾಸಿ ತೋಲುವಿನಲ್ಲಿ ವಿಶ್ವಸಂಸ್ಥೆಯ ಧ್ವಜವನ್ನು ಇಳಿಸಿ, ಕೆಂಪು ಬಟ್ಟೆಯ ಮೇಲೆ ಹಳದಿ ಮತ್ತು ಕಪ್ಪು ತ್ರಿಕೋನಗಳೂ ಬಿಳಿಯ ನಕ್ಷತ್ರವೂ ಇರುವ ಧ್ವಜವನ್ನು ಏರಿಸಲಾಯಿತು. 1975ರಲ್ಲಿ ಅಮರಾಲ್ ಅವರ ಗಣರಾಜ್ಯ ಹಾರಿಸಿದ್ದು ಆ ಧ್ವಜವನ್ನೇ.